ಹಳೆಯ ನಂಬರು, ಹೊಸ ನಂಬರು

ಹಳೆಯ ಬಡಾವಣೆಗಳಲ್ಲಿ ಎಷ್ಟೋ ಮನೆಗಳಿಗೆ ಎರಡೆರಡು ನಂಬರುಗಳಿರುತ್ತವೆ. ಒಂದು ಮನೆ ಕಟ್ಟಿದಾಗ ಬಂದದ್ದು. ಇನ್ನೊಂದು ನಗರಪಾಲಿಕೆಯವರು ಬೀದಿಯ ಎಣಿಕೆಯನ್ನು ತಿದ್ದಿದಾಗ ಬಂದದ್ದು. ತಿಳಿದವರು ಲಕೋಟೆಯ ಮೇಲೆ ಎರಡನ್ನೂ ಬರೆಯುತ್ತಾರೆ. ಬರೆಯದಿದ್ದರೆ, ಹೊಸದಾಗಿ ವರ್ಗವಾಗಿ ಬಂದ ಅಂಚೆಯವನು ಆ ಮನೆಯ ಮುಂದೆಯೇ ಎರಡು ಸಲ ಹಾದುಹೋಗಿ, ಕೊನೆಗೆ 'ಇಂಥ ವಿಳಾಸ ಇಲ್ಲ' ಎಂದು ಬರೆದು ಕಾಗದವನ್ನು ಹಿಂದಕ್ಕೆ ಕಳುಹಿಸಿಬಿಡುತ್ತಾನೆ. ಮನೆ ಇದ್ದಲ್ಲಿಯೇ ಇದೆ, ಒಳಗೆ ಜನರಿದ್ದಾರೆ, ಒಲೆಯ ಮೇಲೆ ಸಾರು ಕುದಿಯುತ್ತಿದೆ. ಆದರೂ ಅಂಚೆಯ ಲೆಕ್ಕದಲ್ಲಿ ಆ ಮನೆ ಇಲ್ಲ.

ಮೈಸೂರಿನ ಸರಸ್ವತೀಪುರದ ನಿವೃತ್ತ ಮೇಷ್ಟರೊಬ್ಬರಿಗೆ ಈ ಸಂಗತಿಯ ಪೂರ್ಣಾರ್ಥ ಮನವರಿಕೆಯಾದದ್ದು 2024ರ ದಸರಾ ರಜೆಯಲ್ಲಿ. ಅವರ ಕಂಪ್ಯೂಟರು ಒಂದು ಬೆಳಿಗ್ಗೆ ಏಳಲೊಲ್ಲದೆ ಹೋದಾಗ.

ಮೇಷ್ಟರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕಾಫಿಯ ಲೋಟವನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕಂಪ್ಯೂಟರಿನ ಗುಂಡಿಯನ್ನು ಒತ್ತುವುದು ಅವರ ನಿತ್ಯವಿಧಿ. ಲೋಟ ಬರಿದಾಗುವ ಹೊತ್ತಿಗೆ ಯಂತ್ರವೂ ಎಚ್ಚರಗೊಂಡಿರುತ್ತಿತ್ತು. ಅಂದು ಲೋಟ ಬರಿದಾಯಿತು; ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಮೇಲಿನ ಮೂಲೆಯಲ್ಲಿ ಬಿಳಿಯ ಅಕ್ಷರದ ಎರಡು ಸಾಲುಗಳು: 'ಎರರ್: ನೋ ಸಚ್ ಪಾರ್ಟಿಷನ್. ಎಂಟರಿಂಗ್ ರೆಸ್ಕ್ಯೂ ಮೋಡ್.' ಅದರ ಕೆಳಗೆ 'ಗ್ರಬ್ ರೆಸ್ಕ್ಯೂ' ಎಂಬ ಎರಡು ಪದ. ಅವುಗಳ ಪಕ್ಕದಲ್ಲಿ ಮಿಣುಕುವ ಒಂದು ಸಣ್ಣ ಗೆರೆ.

ಆರಿಸಿ ಮತ್ತೆ ಹಾಕಿದರು. ಅದೇ ಸಾಲುಗಳು. 'ರೆಸ್ಕ್ಯೂ' ಎಂದರೆ ರಕ್ಷಣೆಯಲ್ಲವೆ ಎಂಬ ಧೈರ್ಯದಿಂದ 'ಹೆಲ್ಪ್' ಎಂದು ಒತ್ತಿದರು. 'ಅನ್‌ನೋನ್ ಕಮಾಂಡ್' ಎಂಬ ಉತ್ತರ ಬಂತು.

"ರಕ್ಷಣೆಯೆಂದು ಬೋರ್ಡು ಹಾಕಿಕೊಂಡಿದೆ, ಸಹಾಯ ಎಂದರೆ ಏನೆಂದು ಗೊತ್ತಿಲ್ಲವಂತೆ!" ಎಂದು ಮೇಷ್ಟರು ನಗಲು ನೋಡಿದರು. ನಗೆ ಪೂರ್ತಿಯಾಗಿ ಬರಲಿಲ್ಲ.

ಅದಕ್ಕೆ ಕಾರಣವಿತ್ತು. 2021ರಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿದ್ದ ದಿನಗಳಲ್ಲಿ, ಮೇಷ್ಟರ ಮಡದಿ ತಮ್ಮ ತಾಯಿಯಿಂದ ಕಲಿತ ಹಾಡುಗಳನ್ನು ಒಂದೊಂದಾಗಿ ಹಾಡಿದ್ದರು: ಹಸೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು. ಮೇಷ್ಟರು ಅವನ್ನು ಫೋನಿನಲ್ಲಿ ಹಿಡಿದು ಕಂಪ್ಯೂಟರಿಗೆ ಇಳಿಸಿದ್ದರು. ಒಟ್ಟು ನಲವತ್ತೊಂದು. ಮರುವರ್ಷ ಆ ಹೆಣ್ಣುಮಗಳು ತೀರಿಕೊಂಡರು. ಫೋನೂ ಕೆಟ್ಟು ಹೋಗಿ ಹೊಸದು ಬಂತು. ಹಾಡುಗಳು ಆ ಒಂದು ಯಂತ್ರದಲ್ಲಿ ಮಾತ್ರ ಉಳಿದವು. ಇನ್ನೊಂದು ಪ್ರತಿ ಮಾಡಿಡಬೇಕೆಂದು ಮೇಷ್ಟರು ತಿಂಗಳಿಗೊಮ್ಮೆಯಾದರೂ ಅಂದುಕೊಳ್ಳುತ್ತಿದ್ದರು. ಹುಡುಗರಿಗೆ 'ನಾಳೆ ಎಂದವನ ಮನೆ ಹಾಳು' ಎಂದು ಸಾವಿರ ಸಲ ಹೇಳಿದ್ದ ಮನುಷ್ಯ ಅವರೇ.

ಮಧ್ಯಾಹ್ನಕ್ಕೆ ಯಂತ್ರವನ್ನು ಆಟೋರಿಕ್ಷಾದಲ್ಲಿ ಇಟ್ಟುಕೊಂಡು ರಿಪೇರಿಯ ಅಂಗಡಿಯೊಂದಕ್ಕೆ ಹೋದರು. ಅಂಗಡಿಯ ಹುಡುಗ ಪರದೆಯನ್ನು ಒಂದು ಸಲ ನೋಡಿದ.

"ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಬಿಡೋಣ ಸಾರ್. ಸಾಯಂಕಾಲ ಬಂದು ತೆಗೆದುಕೊಂಡು ಹೋಗಿ."

"ಒಳಗೆ ಇರುವುದು?"

"ಅದು ಹೋಗುತ್ತೆ ಸಾರ್. ಇದು ಹೇಗೂ ಸತ್ತ ಲೆಕ್ಕ."

ಹುಡುಗ ಒರಟನಲ್ಲ, ಅವನಿಗೆ ಅದು ದಿನಕ್ಕೆ ಹತ್ತು ಸಲ ಹೇಳುವ ಮಾತು. ಮೇಷ್ಟರು ಏನೂ ಹೇಳದೆ ಯಂತ್ರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದರು. ಹದಿಮೂರು ವರ್ಷದ ಮೊಮ್ಮಗ ಬಾಗಿಲಲ್ಲಿಯೇ ನಿಂತಿದ್ದ. ತಾತನ ಮುಖ ನೋಡಿ ಒಳಗೆ ಹೋದವನು ಊಟಕ್ಕೆ ಕರೆದರೂ ಬರಲಿಲ್ಲ. ಸೊಸೆ ಹೋಳಿಗೆಯನ್ನು ತಟ್ಟೆಯಲ್ಲಿಟ್ಟು ಮುಂದಿಟ್ಟರೂ ಮುಟ್ಟಲಿಲ್ಲ. ಹೊಟ್ಟೆ ಕೆಟ್ಟಿರಬೇಕೆಂದು ಮನೆಯವರು ಓಮಿನ ಕಷಾಯ ಮಾಡಿಕೊಟ್ಟರು.

ನವರಾತ್ರಿಯಾದ್ದರಿಂದ ನಡುಮನೆಯಲ್ಲಿ ಗೊಂಬೆಗಳನ್ನು ಕೂರಿಸಿದ್ದರು. ಸಂಜೆ ಅರಿಸಿನ ಕುಂಕುಮಕ್ಕೆ ಬಂದವರಲ್ಲಿ ಮೇಷ್ಟರ ಹಳೆಯ ಶಿಷ್ಯೆಯೂ ಒಬ್ಬಳಿದ್ದಳು. ಹೈಸ್ಕೂಲಿನಲ್ಲಿ ಅವರ ಬಳಿ ಲೆಕ್ಕ ಕಲಿತವಳು. ಈಗ ಊರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರಿನ ಪಾಠ ಹೇಳುವವಳು. ಆರತಿಯ ಹೊತ್ತಿಗೆ ಹೆಂಗಸರೆಲ್ಲ ಸೇರಿ ನಿಂತರು. ಯಾರಿಗೂ ಹಾಡಿನ ಮೊದಲ ಸಾಲು ನೆನಪಾಗಲೊಲ್ಲದು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. "ಅತ್ತೆ ಇದ್ದಿದ್ದರೆ ಎತ್ತಿಕೊಡುತ್ತಿದ್ದರು" ಎಂದಳು ಸೊಸೆ. ಎತ್ತಿಕೊಡುವವರು ಒಬ್ಬರಿದ್ದರೆ ಉಳಿದದ್ದು ತಾನಾಗಿಯೇ ಬರುತ್ತದೆ. ಎಲ್ಲರಿಗೂ ಹಾಡು ಗೊತ್ತು, ಆರಂಭ ಮಾತ್ರ ಗೊತ್ತಿಲ್ಲ. ಅಂದು ಹಾಡಿಲ್ಲದೆಯೇ ಆರತಿಯಾಯಿತು. ಮೇಷ್ಟರು ಎದ್ದು ಒಳಕೋಣೆಗೆ ಹೋದರು.

ಶಿಷ್ಯೆ ಹಿಂದೆಯೇ ಬಂದಳು. ನಡೆದದ್ದನ್ನು ಕೇಳಿದಳು. ಪರದೆಯ ಸಾಲುಗಳನ್ನು ಓದಿದಳು. ಆದರೆ ಕೀಲಿಮಣೆಯನ್ನು ಮುಟ್ಟಲಿಲ್ಲ.

"ಮೇಷ್ಟರೇ, ಇದು ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ? ಅಲ್ಲಿಂದೀಚೆಗೆ ಏನು ಬದಲಾಯಿತು?"

"ಏನೂ ಬದಲಾಗಿಲ್ಲಮ್ಮ. ನಿನ್ನೆ ಬೆಳಿಗ್ಗೆ ಪಂಚಾಂಗ ನೋಡಿದೆ, ಆರಿಸಿದೆ. ಅಷ್ಟೆ."

"ಏನೂ ಬದಲಾಗದೆ ಹೀಗೆ ಆಗುವುದು ಕಡಮೆ. ಡಿಸ್ಕು ಸವೆದು ಹೀಗಾಗಬಹುದು. ಆದರೆ ಅದು ಬೇರೆ ಥರ ಮಾತಾಡುತ್ತದೆ. ಇಲ್ಲಿ ಯಾರೋ ಏನನ್ನೋ ಸರಿಸಿದ್ದಾರೆ. ಏನೆಂದು ತಿಳಿದರೆ ಐದು ನಿಮಿಷದ ಕೆಲಸ. ತಿಳಿಯದಿದ್ದರೆ ಕತ್ತಲಲ್ಲಿ ತಡಕಾಡಬೇಕು."

ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗ ಆಗ ಬಾಯಿ ಬಿಟ್ಟ.

"ನಾನೇ ತಾತ."

ಆ ಯಂತ್ರದಲ್ಲಿ ಎರಡು ಸಂಸಾರಗಳಿದ್ದವು. ಕೊಂಡಾಗ ಬಂದ ವಿಂಡೋಸ್ 7 ಒಂದು. 2020ರ ಜನವರಿಯಲ್ಲಿ ಅದಕ್ಕೆ ಕಂಪನಿಯ ಪೋಷಣೆ ನಿಂತಮೇಲೆ, ಅದರ ಪಕ್ಕದಲ್ಲಿಯೇ ಮಗ ಹಾಕಿಕೊಟ್ಟ ಲಿನಕ್ಸ್ ಇನ್ನೊಂದು. ಮೇಷ್ಟರ ವ್ಯವಹಾರವೆಲ್ಲ ಲಿನಕ್ಸಿನಲ್ಲಿ. ಹುಡುಗನ ಆಟಗಳು ವಿಂಡೋಸಿನಲ್ಲಿ. ಹೊಸ ಆಟವೊಂದಕ್ಕೆ ಜಾಗ ಸಾಲದೆ, ಹಿಂದಿನ ರಾತ್ರಿ ಅವನು ಡಿಸ್ಕಿನ ನಕ್ಷೆಯನ್ನು ತೆರೆದು, 'ಇ' ಎಂಬ ಖಾಲಿ ಪಾಲನ್ನು ಅಳಿಸಿದ್ದ. ಅದನ್ನು 'ಸಿ'ಗೆ ಸೇರಿಸೋಣವೆಂದರೆ ಸೇರಲಿಲ್ಲ. ಹೆದರಿ ಯಂತ್ರವನ್ನು ಆರಿಸಿ ಮಲಗಿದ್ದ.

"ಅದರಲ್ಲಿ ಏನೂ ಇರಲಿಲ್ಲ ತಾತ. ನೋಡಿಯೇ ಅಳಿಸಿದೆ. ಅಜ್ಜಿಯ ಹಾಡು ಅದರಲ್ಲಿ ಇರಲಿಲ್ಲ" ಎನ್ನುವಷ್ಟರಲ್ಲಿ ಹುಡುಗನಿಗೆ ಅಳು ಬಂತು.

ಮೇಷ್ಟರಿಗೆ ಸಿಟ್ಟು ಬಂದಿರಬಹುದು. ಆದರೆ ಅವರ ಕಣ್ಣಿಗೆ ಬಿದ್ದದ್ದು ಬೇರೆ. ಉತ್ತರ ತಪ್ಪಾದರೂ ಲೆಕ್ಕ ಮಾಡಿದ ದಾರಿಯನ್ನು ತೋರಿಸಿದವನಿಗೆ ಅರ್ಧ ಅಂಕ ಕೊಡುವುದು, ಉತ್ತರವನ್ನು ಅಳಿಸಿ ಖಾಲಿ ಹಾಳೆ ಕೊಟ್ಟವನಿಗೆ ಸೊನ್ನೆ ಕೊಡುವುದು, ಇದು ಅವರು ಮೂವತ್ತನಾಲ್ಕು ವರ್ಷ ನಡೆಸಿಕೊಂಡು ಬಂದ ಧರ್ಮ. "ಅರ್ಧ ಅಂಕ ಬಂತು. ಇನ್ನರ್ಧಕ್ಕೆ ಇಲ್ಲಿ ಬಂದು ಕೂತುಕೋ" ಎಂದು ಮೊಮ್ಮಗನನ್ನು ಕುರ್ಚಿಯ ಮೇಲೆ ಕೂರಿಸಿದರು.

ಶಿಷ್ಯೆಯ ಮುಖ ಅರಳಿತು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಈಗ ಅವಳು ಮೇಷ್ಟರಿಗೆ ಪಾಠ ಹೇಳುವ ಸರದಿ.

ವಿದ್ಯುತ್ತು ಹರಿದ ಕ್ಷಣದಲ್ಲಿ ಕಂಪ್ಯೂಟರಿಗೆ ಏನೂ ತಿಳಿದಿರುವುದಿಲ್ಲ. ತನ್ನ ವಿದ್ಯೆಯೆಲ್ಲ ಡಿಸ್ಕಿನಲ್ಲಿದೆ. ಡಿಸ್ಕನ್ನು ಓದುವುದೂ ಒಂದು ವಿದ್ಯೆ. ಅದೂ ಡಿಸ್ಕಿನಲ್ಲಿಯೇ ಇದ್ದರೆ ಓದುವುದು ಹೇಗೆ? ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಂಡಂತೆ ಇದು ಎಂದು ಇಂಗ್ಲಿಷಿನಲ್ಲಿ ಒಂದು ಮಾತಿದೆ. ಅದರಿಂದಲೇ 1950ರ ದಶಕದಲ್ಲಿ ಗಣಕಯಂತ್ರದವರು 'ಬೂಟ್‌ಸ್ಟ್ರಾಪ್' ಎಂಬ ಹೆಸರನ್ನು ಬಳಸತೊಡಗಿದರು. 'ಬೂಟ್' ಎಂಬುದು ಅದರ ಮೊಟಕು. ಉಪಾಯವೇನೆಂದರೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಬೋರ್ಡಿನ ಮೇಲಿನ ಚಿಪ್ಪಿನಲ್ಲಿ ಬಯಾಸ್ ಎಂಬ ಪುಟ್ಟ ಪ್ರೋಗ್ರಾಮು ಸದಾ ಇರುತ್ತದೆ. ಅದು ಮೆಮೊರಿ ಇದೆಯೆ, ಕೀಲಿಮಣೆ ಇದೆಯೆ ಎಂದು ನೋಡಿಕೊಂಡು, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಮಾತ್ರ ಓದುತ್ತದೆ. ಆ 512ರಲ್ಲಿ 446 ಬೈಟುಗಳು ಮುಂದಿನ ದಾರಿ ಹೇಳುವವನಿಗೆ. 64 ಬೈಟುಗಳು ಡಿಸ್ಕಿನ ಪಾಲುಪಟ್ಟಿಗೆ. ಉಳಿದ 2 ಬೈಟುಗಳು ಮುದ್ರೆಗೆ.

"ಲೆಕ್ಕ ಸರಿಯಾಗಿದೆ" ಎಂದರು ಮೇಷ್ಟರು.

446 ಬೈಟು ಎಂದರೆ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು ಬರವಣಿಗೆ. ಅಷ್ಟರಲ್ಲಿ ಎರಡು ಸಂಸಾರವನ್ನು ನಡೆಸಲಾದೀತೆ? ಆದ್ದರಿಂದ ಅದು ತನ್ನ ಹಿಂದೆಯೇ ಅಡಗಿರುವ ಇನ್ನೊಂದು ತುಣುಕನ್ನು ಕರೆಯುತ್ತದೆ. ಈ ಎರಡನೆಯ ತುಣುಕಿಗೆ ತನ್ನ ಮನೆಯ ವಿಳಾಸ ಬಾಯಿಪಾಠ: ಡಿಸ್ಕಿನ ಇಷ್ಟನೆಯ ಪಾಲು, ಅದರಲ್ಲಿ 'ಬೂಟ್' ಎಂಬ ಕೋಣೆ, ಕೋಣೆಯಲ್ಲಿ 'ಗ್ರಬ್' ಎಂಬ ಪೆಟ್ಟಿಗೆ. ಪೆಟ್ಟಿಗೆಯಲ್ಲಿರುವ ಸಾಮಗ್ರಿಯಿಂದ ಅದು ಪೂರ್ತಿ ಮೈತುಂಬಿಕೊಂಡು, ವಿಂಡೋಸ್ ಬೇಕೆ, ಲಿನಕ್ಸ್ ಬೇಕೆ ಎಂದು ಕೇಳುವ ಪಟ್ಟಿಯನ್ನು ಮುಂದಿಡುತ್ತದೆ. ಈ ದ್ವಾರಪಾಲಕನ ಹೆಸರೇ ಗ್ರಬ್; 1995ರಲ್ಲಿ ಎರಿಕ್ ಬೊಲೆಯ್ನ್ ಎಂಬವರು ಆರಂಭಿಸಿದ ಪ್ರೋಗ್ರಾಮು.

"ನಮ್ಮ ಆಸ್ತಿ ಪಾಲಾದ ಹಾಗೆಯೇ ಡಿಸ್ಕಿನಲ್ಲೂ ಪಾಲುಗಳು. ಈ ಹಳೆಯ ಪದ್ಧತಿಯಲ್ಲಿ ನಾಲ್ಕರವರೆಗಿನ ನಂಬರುಗಳು ಮುಖ್ಯ ಪಟ್ಟಿಗೆ ಮೀಸಲು. ಒಳಪಾಲುಗಳಿಗೆ ಐದರಿಂದ ಎಣಿಕೆ. ಇವನು ಅಳಿಸಿದ ಖಾಲಿ ಪಾಲು ಐದನೆಯದು. ನಿಮ್ಮ ಲಿನಕ್ಸ್ ಆರನೆಯದು. ಐದು ಹೋದಮೇಲೆ ಆರು ಏನಾಯಿತು?"

"ಐದಾಯಿತು" ಎಂದ ಹುಡುಗ.

"ಮನೆ ಕದಲಲಿಲ್ಲ. ನಂಬರು ಬದಲಾಯಿತು. ಬಾಗಿಲಲ್ಲಿರುವವನ ಕೈಯಲ್ಲಿ ಮಾತ್ರ ಹಳೆಯ ಚೀಟಿ. ಆರು, ಆರು ಎಂದು ಹುಡುಕಿ, 'ಅಂಥ ಪಾಲು ಇಲ್ಲ' ಎಂದು ನಿಂತುಬಿಟ್ಟಿದ್ದಾನೆ."

"ಹಾಗಾದರೆ ಫಾರ್ಮ್ಯಾಟ್ ಮಾಡಿದ್ದರೆ?"

"ವಿಳಾಸ ಸಿಗಲಿಲ್ಲವೆಂದು ಮನೆಯನ್ನೇ ಕೆಡವಿದ ಹಾಗೆ."

ಆ ರಕ್ಷಣೆಯ ಅಂಗಳದಲ್ಲಿ ಯಂತ್ರಕ್ಕೆ ಅರ್ಥವಾಗುವ ಮಾತುಗಳು ಬೆರಳೆಣಿಕೆಯಷ್ಟು ಮಾತ್ರ. ಮೊದಲನೆಯದು 'ಎಲ್‌ಎಸ್', ಎಂದರೆ ಏನೇನಿದೆ ತೋರಿಸು. ಹುಡುಗ ಎರಡು ಅಕ್ಷರ ಒತ್ತಿದ. ಡಿಸ್ಕಿನ ಹೆಸರಿನ ಮುಂದೆ ಮೂರು ನಂಬರುಗಳು ಬಂದವು: 5, 2, 1. ಆರು ಇರಲಿಲ್ಲ. ಒಂದನೆಯ ಪಾಲನ್ನು ತೆರೆದು ತೋರಿಸೆಂದರೆ 'ಅನ್‌ನೋನ್ ಫೈಲ್‌ಸಿಸ್ಟಂ' ಎಂದಿತು. ಎರಡನೆಯದಕ್ಕೂ ಅದೇ ಉತ್ತರ. ಮೇಷ್ಟರ ಎದೆ ಧಸಕ್ಕೆಂದಿತು.

"ಹೆದರಬೇಡಿ. ಅವು ವಿಂಡೋಸಿನ ಪಾಲುಗಳು. ಇವನಿಗೆ ಈಗ ತನ್ನ ಮನೆಯ ಭಾಷೆ ಬಿಟ್ಟರೆ ಬೇರೆ ತಿಳಿಯದು. ತಿಳಿಯಲಿಲ್ಲ ಎಂದರೆ ಕೆಟ್ಟಿದೆ ಎಂದಲ್ಲ. ಐದನ್ನು ಕೇಳು ಮರಿ."

ಹುಡುಗ ಐದನ್ನು ಕೇಳಿದ. ಪರದೆಯ ಮೇಲೆ ಒಂದರ ಪಕ್ಕದಲ್ಲೊಂದು ಹೆಸರುಗಳು ಸಾಲಾಗಿ ಬಂದವು. ಅವುಗಳ ನಡುವೆ ಒಂದು 'ಬೂಟ್', ಇನ್ನೊಂದು 'ಹೋಮ್'. ಮೇಷ್ಟರು ಎರಡನೆಯದನ್ನು ಗಟ್ಟಿಯಾಗಿಯೇ ಓದಿದರು. ಹೋಮ್ ಒಳಗೆ, ಅದರ ಒಳಗೆ ಎಂದು ಹುಡುಗ ಒಂದೊಂದೇ ಬಾಗಿಲು ತೆರೆಸಿದ. 'ಹಾಡು' ಎಂದು ಇಂಗ್ಲಿಷ್ ಅಕ್ಷರದಲ್ಲಿ ಮೇಷ್ಟರೇ ಹೆಸರಿಟ್ಟಿದ್ದ ಕೋಣೆ ಸಿಕ್ಕಿತು. ನಲವತ್ತೊಂದು ಹೆಸರುಗಳೂ ಅಲ್ಲಿದ್ದವು. ಯಂತ್ರ ಇನ್ನೂ ಎದ್ದಿರಲಿಲ್ಲ. ಪರದೆ ಇನ್ನೂ ಕಪ್ಪಾಗಿಯೇ ಇತ್ತು. ಮೇಷ್ಟರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು.

ಉಳಿದದ್ದು ಸುಲಭ. 'ಸೆಟ್ ಪ್ರಿಫಿಕ್ಸ್' ಎಂದು ಆರಂಭಿಸಿ, ಡಿಸ್ಕಿನ ಹೆಸರು, ಐದು ಎಂಬ ಹೊಸ ನಂಬರು, ಬೂಟ್, ಗ್ರಬ್ ಎಂದು ಪೂರ್ತಿ ವಿಳಾಸವನ್ನು ಬರೆಯಿಸಿದಳು. 'ಸೆಟ್ ರೂಟ್' ಎಂದು ಅದೇ ಪಾಲನ್ನು ಇನ್ನೊಮ್ಮೆ ಹೇಳಿಸಿದಳು. ಬಳಿಕ 'ಇನ್ಸ್‌ಮಾಡ್ ನಾರ್ಮಲ್'. ಯಂತ್ರ ಏನೂ ಹೇಳಲಿಲ್ಲ.

"ಏನೂ ಆಗಲಿಲ್ಲವಲ್ಲ ಅಕ್ಕ?"

"ಇವರ ಮನೆಯಲ್ಲಿ ಮೌನವೇ ಸಮ್ಮತಿ. ತಪ್ಪಿದ್ದರೆ ತಾನೆ ಮಾತು. ಈಗ 'ನಾರ್ಮಲ್' ಎನ್ನು."

ಹುಡುಗ ಬರೆದ. ಕಪ್ಪು ಪರದೆ ಒಮ್ಮೆ ಮಿನುಗಿ, ನಿತ್ಯದ ಪಟ್ಟಿ ಕಾಣಿಸಿತು. ಹತ್ತು ಗಂಟೆಗಳ ಬಳಿಕ ಯಂತ್ರ ಎದ್ದಿತು.

ಮೇಷ್ಟರು ಹಾಡು ಕೇಳಲು ಕೈ ಮುಂದೆ ಮಾಡಿದರು. ಶಿಷ್ಯೆ ತಡೆದಳು. "ಮೊದಲು ಪ್ರತಿ, ಆಮೇಲೆ ರಿಪೇರಿ, ಹಾಡು ಅದರ ಬಳಿಕ." ಎರಡು ಪೆನ್‌ಡ್ರೈವುಗಳಿಗೆ ನಲವತ್ತೊಂದು ಹಾಡುಗಳೂ ಇಳಿದವು. ಒಂದು ಮನೆಯ ಬೀರುವಿಗೆ. ಇನ್ನೊಂದು ಬೆಂಗಳೂರಿನ ಮಗಳ ಮನೆಗೆ. ಒಂದೇ ಸೂರಿನ ಕೆಳಗೆ ಎರಡು ಪ್ರತಿ ಇಟ್ಟರೆ ಅದು ಒಂದೇ ಪ್ರತಿಯ ಲೆಕ್ಕ ಎಂಬುದು ಅವಳ ಮಾತು.

ಆಮೇಲೆ ರಿಪೇರಿ. ಇಷ್ಟು ಹೊತ್ತು ಹೇಳಿಕೊಟ್ಟದ್ದು ಬಾಯಿಮಾತು. ಯಂತ್ರವನ್ನು ಆರಿಸಿದೊಡನೆ ಮರೆತುಹೋಗುವಂಥದು. ದ್ವಾರಪಾಲಕನ ಕೈಯ ಚೀಟಿಯನ್ನೇ ಬದಲಾಯಿಸಬೇಕು. ಲಿನಕ್ಸಿನ ಒಳಗಿನಿಂದ 'ಗ್ರಬ್ ಇನ್‌ಸ್ಟಾಲ್' ಎಂಬ ಆಜ್ಞೆಯನ್ನು ಕೊಡಿಸಿದಳು. ಅಲ್ಲಿ ಇಡೀ ಡಿಸ್ಕಿನ ಹೆಸರನ್ನು ಹೇಳಬೇಕು, ಒಂದು ಪಾಲಿನ ಹೆಸರನ್ನಲ್ಲ ಎಂದು ಎರಡು ಸಲ ಎಚ್ಚರಿಸಿದಳು. 'ಅಪ್‌ಡೇಟ್ ಗ್ರಬ್' ಎಂಬುದರಿಂದ ಪಟ್ಟಿ ಹೊಸದಾಯಿತು. ಆರಿಸಿ ಹಾಕಿದರು. ಯಾರ ನೆರವೂ ಇಲ್ಲದೆ ಯಂತ್ರ ತಾನಾಗಿಯೇ ಎದ್ದಿತು.

ಸೊಸೆ ಕಾಫಿ ತಂದಳು. ತನ್ನ ತಮ್ಮನ ಕಂಪ್ಯೂಟರೂ ಹೋದ ತಿಂಗಳು ಹೀಗೆಯೇ ಮುಷ್ಕರ ಹೂಡಿತ್ತೆಂದು ಅವಳು ಹೇಳಿದಾಗ ಶಿಷ್ಯೆ ನಕ್ಕಳು. ಎಲ್ಲ ಯಂತ್ರಕ್ಕೂ ಒಂದೇ ಮದ್ದಲ್ಲ. ಮರೆತು ಬಿಟ್ಟ ಪೆನ್‌ಡ್ರೈವಿನಿಂದ ಏಳಲು ಹೋಗಿ ಸೋಲುವ ಯಂತ್ರಗಳೇ ಎಷ್ಟೋ. ಅದನ್ನು ಕಿತ್ತರೆ ರೋಗ ಮುಗಿಯಿತು. ವಿಂಡೋಸ್ ಒಂದೇ ಇರುವ ಹಳೆಯ ಯಂತ್ರಕ್ಕೆ ಅದರದೇ ಡಿಸ್ಕಿನಿಂದ ಆರಂಭಿಸಿ ಮೊದಲ ತುಣುಕನ್ನು ಮತ್ತೆ ಬರೆಯಿಸಬಹುದು. ಈಚಿನ ಯಂತ್ರಗಳಲ್ಲಿ ಆ 512 ಬೈಟಿನ ಇಕ್ಕಟ್ಟು ಇಲ್ಲ. ಯುಇಎಫ್‌ಐ ಎಂಬ ಪದ್ಧತಿಯಲ್ಲಿ ದ್ವಾರಪಾಲಕರಿಗೇ ಒಂದು ಪುಟ್ಟ ಪಾಲು ಬೇರೆ ಇರುತ್ತದೆ. ಆದರೆ ಯಾವ ಪದ್ಧತಿಯಾದರೂ, ಏನು ಬದಲಾಯಿತೆಂದು ಕೇಳುವುದು ಮೊದಲು. ಅಳಿಸುವ ಮಾತು ಎಲ್ಲಕ್ಕಿಂತ ಕೊನೆಗೆ.

ಕೊನೆಗೂ ಹಾಡಿನ ಸರದಿ ಬಂತು. ಆರತಿಯ ಹಾಡನ್ನು ಹುಡುಗನೇ ಹುಡುಕಿ ಹಾಕಿದ. ಮೊದಲು ಬಳೆಯ ಸದ್ದು. ಆಮೇಲೆ ಒಂದು ಸಣ್ಣ ಕೆಮ್ಮು. "ಶುರು ಹೇಗೆ? ಮರೆತೇ ಹೋಯಿತಲ್ಲ. ನೀವಾದರೂ ಹೇಳಿ ಅಂದ್ರೆ" ಎಂದಿತು ಆ ಧ್ವನಿ. ಮೇಷ್ಟರ ಧ್ವನಿ, ಶ್ರುತಿಯೂ ಇಲ್ಲದೆ ತಾಳವೂ ಇಲ್ಲದೆ, ಪಾಠ ಓದಿದಂತೆ ಮೊದಲ ಪದವನ್ನು ಹೇಳಿಕೊಟ್ಟಿತು. ಮರುಕ್ಷಣ ಹಾಡು ಹರಿಯಿತು. ನಡುಮನೆಯಲ್ಲಿ ಇನ್ನೂ ಉಳಿದಿದ್ದ ಇಬ್ಬರು ಮೂವರು ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು, ಎರಡನೆಯ ಸಾಲಿನಿಂದ ತಾವೂ ದನಿಗೂಡಿಸಿದರು. ಸೊಸೆ ಗೊಂಬೆಗಳಿಗೆ ಇನ್ನೊಂದು ಸಲ ಆರತಿ ಬೆಳಗಿದಳು.

ಆ ರಾತ್ರಿ ಹುಡುಗ ಎರಡು ಹೋಳಿಗೆ ತಿಂದ. ಓಮಿನ ಕಷಾಯದ ಗುಣವೆಂದು ಮನೆಯವರು ಹೇಳಿಕೊಂಡರು. ಮೇಷ್ಟರು ತಿದ್ದಲು ಹೋಗಲಿಲ್ಲ. ಅವರು ಒಂದು ಕಾಗದದ ಚೂರಿನ ಮೇಲೆ ಏನನ್ನೋ ಬರೆಸಿ, ಮೊಮ್ಮಗನ ಕೈಯಿಂದಲೇ ಬೀರುವಿನ ಬಾಗಿಲ ಒಳಗಡೆ ಅಂಟಿಸಿದರು. ಅದು ಇಂದಿಗೂ ಅಲ್ಲಿದೆ:

'ಕಂಪ್ಯೂಟರು. ಹಳೆಯ ನಂಬರು 6. ಹೊಸ ನಂಬರು 5. ಪ್ರತಿ ಎರಡು. ಏನನ್ನಾದರೂ ಬದಲಾಯಿಸಿದರೆ ತಾತನಿಗೆ ಹೇಳತಕ್ಕದ್ದು.'

ಕೊನೆಯ ಸಾಲಿನ ಕೆಳಗೆ ಹುಡುಗ ತಾನೇ ಇನ್ನೊಂದನ್ನು ಸೇರಿಸಿದ್ದಾನೆ: 'ತಾತನೂ ಹೇಳತಕ್ಕದ್ದು.'